ತಲೆ ತಗ್ಗಿಸಿ ನಡೆಯುವ ಭಗೀರಥ

ಕ್ಲಾರಿ ಮಡ್ಜ್ ತಲೆ ಎತ್ತಿ ನಡೆದದ್ದನ್ನು ನಮ್ಮ ಬಿಂಡಾರು ಊರಿನಲ್ಲಿ ಕಂಡವರಿಲ್ಲ. ಕಂಡೆ ಎಂದವರನ್ನು ನಂಬಿದವರೂ ಇಲ್ಲ. ತೊಟ್ಟಿಲಲ್ಲಿದ್ದಾಗಲೇ ಅವನು ಮಗ್ಗುಲಾಗಿ ಮಲಗಿ ನೆಲವನ್ನೇ ದಿಟ್ಟಿಸುತ್ತಿದ್ದನಂತೆ. ಮದುವೆಯ ದಿನ ಎನಿಡ್‌ಳ ಕೈ ಹಿಡಿದು ಚರ್ಚಿನಿಂದ ಹೊರಬರುವಾಗಲೂ ಅವನ ಕಣ್ಣು ಅವಳ ಮುಖದ ಮೇಲಿರಲಿಲ್ಲ, ಅವಳ ಚಪ್ಪಲಿಯ ಆಚೆಗಿನ ನೆಲದ ಮೇಲಿತ್ತು. ಆ ದಿನದ ಫೋಟೋ ಇಂದಿಗೂ ಅವರ ಮನೆಯ ಗೋಡೆಯ ಮೇಲಿದೆ. ಅದರಲ್ಲಿ ವಧುವಿನ ನಗು ಕಾಣುತ್ತದೆ, ವರನ ಬೈತಲೆ ಕಾಣುತ್ತದೆ.

ಬೇರೆ ಊರಿನಲ್ಲಿ ಇಂಥವನಿಗೆ ಕುತ್ತಿಗೆ ನೋವೆಂದು ಎಣ್ಣೆ ತಿಕ್ಕಿ ಬಿಡುತ್ತಿದ್ದರು. ನಮ್ಮ ಊರು ಅಷ್ಟು ಬಡವಲ್ಲ. ಕ್ಲಾರಿ ನೆಲ ನೋಡುತ್ತಿಲ್ಲ, ನೆಲದೊಳಗೆ ಹರಿಯುವ ನದಿಗಳನ್ನು ಆಲಿಸುತ್ತಿದ್ದಾನೆ ಎಂದು ನಾವು ಎಂದೋ ತೀರ್ಮಾನಿಸಿದೆವು. ಅವನು ನಡೆಯುತ್ತ ನಡೆಯುತ್ತ ಹಠಾತ್ತನೆ ನಿಂತು, ನೆಲವನ್ನು ನೋಡಿ, "ಹ್ಞೂಂ" ಎನ್ನುತ್ತಿದ್ದ. ಆ ಒಂದು "ಹ್ಞೂಂ"ಗೆ ನಮ್ಮಲ್ಲಿ ಇದ್ದ ಬೆಲೆ ಪಾದ್ರಿಯ ಇಡೀ ಭಾನುವಾರದ ಪ್ರವಚನಕ್ಕಿರಲಿಲ್ಲ. ಮುದುಕ ವಾಲಿ ಸತ್ತಾಗ ಹೆಣದ ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ಕ್ಲಾರಿ ಸ್ಮಶಾನದ ನಡುದಾರಿಯಲ್ಲಿ ನಿಂತು "ಹ್ಞೂಂ" ಎಂದ. ಉಳಿದ ಹೆಗಲುಗಳೂ ನಿಂತವು. ವಾಲಿಯೂ ನಿಂತ. ತೋಡಿದ ಗುಂಡಿಗೆ ಒರತೆ ನುಗ್ಗೀತೆಂದು ಹೆದರಿ, ಆಚೆ ಬದಿಗೆ ಬೇರೆ ಗುಂಡಿ ತೋಡಿಸಿ ಅವನನ್ನು ಮಲಗಿಸಿದರು. ಉಗುಳಿದರೆ ಎಂಜಲು ನೆಲ ಮುಟ್ಟುವ ಮೊದಲೇ ಒಣಗುವ ಊರು ನಮ್ಮದು. ಆದರೂ ವಾಲಿಯ ವಿಧವೆ ಇವತ್ತಿಗೂ, "ನಮ್ಮೋರು ಒಳಗೆ ಬೆಚ್ಚಗೆ ಒಣಗಿಕೊಂಡಿದಾರೆ ಅಂದ್ರೆ ಅದು ಕ್ಲಾರಿ ಪುಣ್ಯ" ಎನ್ನುತ್ತಾಳೆ.

ಕ್ಲಾರಿಯ ಆಯುಧ ಎರಡು ಬೇಲಿ ತಂತಿ. ಅಪ್ಪನಿಂದ ಬಂದದ್ದು, ತುದಿಯಲ್ಲಿ ಮೊಳಕೈಯಂತೆ ಬಗ್ಗಿಸಿದ್ದು. ಯಾರಾದರೂ ಬೋರ್ ಕೊರೆಸುವವರಿದ್ದರೆ ಕ್ಲಾರಿಯನ್ನು ಕರೆಯುತ್ತಿದ್ದರು. ಅವನು ತಂತಿಗಳನ್ನು ಎರಡು ಮುಷ್ಟಿಯಲ್ಲಿ ಹಿಡಿದು ಜಮೀನಿನಲ್ಲಿ ನಡೆಯುತ್ತಿದ್ದ. ತಂತಿಗಳು ಒಂದರ ಮೇಲೊಂದು ಬಿದ್ದ ಕಡೆ ಹಿಮ್ಮಡಿಯಿಂದ ಗುರುತು ಹಾಕುತ್ತಿದ್ದ. ಅದೇ ಪಾಯಿಂಟ್. ಈ ಪಾಯಿಂಟುಗಳಿಗೆ ಇನ್ನೊಂದು ದೈವೀ ಗುಣವಿತ್ತು: ಅವು ಯಾವಾಗಲೂ ಗೇಟಿನ ಹತ್ತಿರವೋ ರಸ್ತೆಯ ಅಂಚಿನಲ್ಲೋ, ಬೋರ್ ಲಾರಿ ಆರಾಮಾಗಿ ತಿರುಗುವ ಜಾಗದಲ್ಲೇ ಇರುತ್ತಿದ್ದವು. ಪಾತಾಳಗಂಗೆಗೂ ರಸ್ತೆ ನಿಯಮ ಕಲಿಸಿದ ಮಹಾತ್ಮ ಎಂದು ನಾವು ಹೆಮ್ಮೆಪಟ್ಟೆವು.

ನೀರು ಬರುತ್ತಿತ್ತೇ? ಬರುತ್ತಿತ್ತು, ಕೆಲವು ಸಲ. ಬಂದಾಗ ಕ್ಲಾರಿ ತಂದ. ಬಾರದಿದ್ದಾಗ ಬೋರಿನವನು ಬೇಗ ನಿಲ್ಲಿಸಿಬಿಟ್ಟ, ಇಲ್ಲವೇ ಕೊಳವೆ ಓರೆಯಾಯಿತು, ಇಲ್ಲವೇ ಜಮೀನಿನ ಯಜಮಾನ ಲೋಹದ ಕೈಗಡಿಯಾರ ಬಿಚ್ಚದೆ ಪಕ್ಕದಲ್ಲಿ ನಿಂತಿದ್ದ. ಹೀಗೆ ಎಲ್ಲ ಲೆಕ್ಕವೂ ಸರಿಹೋಗುತ್ತಿತ್ತು.

ನೀರಿನ ವಿಷಯ ಕೇಳಿದರೆ ಕ್ಲಾರಿ ಮಾತ್ರ, "ಕರೀತಾರೆ, ಹೋಗ್ತೀನಿ" ಎನ್ನುತ್ತಿದ್ದ. ಇಷ್ಟು ವಿನಯ ಸಿದ್ಧಪುರುಷರಿಗಲ್ಲದೆ ಯಾರಿಗಿರುತ್ತದೆ?

"ಸಿದ್ಧಪುರುಷನಂತೆ!" ಎಂದು ಎನಿಡ್ ಕ್ಲಬ್ಬಿನ ಅಡುಗೆಮನೆಯಿಂದಲೇ ಕೂಗುತ್ತಿದ್ದಳು. "ಮನೇಲಿ ನಲ್ಲಿ ಸೋರ್ತಾ ಇದ್ರೂ ನಾನೇ ತೋರಿಸ್ಬೇಕು ಇವರಿಗೆ. ಕಾಲಡಿ ನೀರು ನಿಂತಿದ್ರೂ ಗೊತ್ತಾಗಲ್ಲ!"

ಹೆಂಡತಿಯ ಮಾತು ಸಾಕ್ಷ್ಯಕ್ಕೆ ಬರುವುದಿಲ್ಲವೆಂದು ನಾವೆಲ್ಲ ನಕ್ಕು, ಅವಳು ಮಾಡಿದ ಸ್ಕೋನ್ ಎಂಬ ಬಿಸಿ ಬನ್ನಿಗೆ ಜಾಮ್ ಹಚ್ಚಿಕೊಳ್ಳುತ್ತಿದ್ದೆವು.

ಕ್ಲಬ್ಬು ಎಂದರೆ ನಮ್ಮ ಬೌಲ್ಸ್ ಕ್ಲಬ್ಬು. ಅದರ ಕಾರ್ಯದರ್ಶಿ ಎಂಬ ಬಡಪಾಯಿ ಹುದ್ದೆ ನನ್ನದು. ನಡುವೆ ಒಂದು ಚೌಕದ ಹುಲ್ಲುಹಾಸು, ಗಾಜಿನಂತೆ ಸಮ. ಬಿಳಿ ಬಟ್ಟೆ ತೊಟ್ಟ ಹಿರಿಯರು ಭಾರದ ಚೆಂಡುಗಳನ್ನು ಅದರ ಮೇಲೆ ಉರುಳಿಸಿ, ಆ ತುದಿಯ ಪುಟ್ಟ ಬಿಳಿ ಚೆಂಡಿನ ಹತ್ತಿರ ಯಾರದು ನಿಂತಿತೆಂದು ಜಗಳವಾಡುವ ಆಟ. ಹಿಮ್ಮಡಿಯಿರುವ ಚಪ್ಪಲಿ ತೊಟ್ಟು ಆ ಹುಲ್ಲಿನ ಮೇಲೆ ಕಾಲಿಟ್ಟರೆ ಗರ್ಭಗುಡಿಗೆ ಎಮ್ಮೆ ನುಗ್ಗಿದಷ್ಟು ಗದ್ದಲ. ಆ ಹುಲ್ಲನ್ನು ಸಾಕಿದವನು ಕ್ಲಾರಿ. ಬೀಜ ಬಿತ್ತಿದವನು, ಕತ್ತರಿಸಿದವನು, ಕಳೆ ಕಿತ್ತವನು, ಮ್ಯಾಗ್‌ಪೈ ಹಕ್ಕಿ ಹುಳಕ್ಕಾಗಿ ಕುಕ್ಕಿದ ತೂತುಗಳನ್ನು ಚಮಚದಲ್ಲಿ ಮಣ್ಣು ಹಾಕಿ ಮುಚ್ಚಿದವನು. ತಂತಿ ಹಿಡಿಯುವುದು ಅವನಿಗೆ ವರ್ಷಕ್ಕೆ ಕೆಲವು ದಿನದ ಕೆಲಸ, ಹುಲ್ಲು ದಿನವೂ. ಆದರೆ ಹುಲ್ಲು ಬೆಳೆಸುವವರು ಎಲ್ಲ ಊರಲ್ಲೂ ಇರುತ್ತಾರೆ, ಅದರಲ್ಲಿ ಪುರಾಣ ಇಲ್ಲ. ಹಾಗಾಗಿ ಅದನ್ನು ಯಾರೂ ಗಮನಿಸಲಿಲ್ಲ.

ನಮ್ಮಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಆ ವರ್ಷ ಚಳಿಗಾಲ ಬಂದಿತು, ಮಳೆ ಬರಲಿಲ್ಲ. ಹಿಂದಿನ ವರ್ಷವೂ ಬಂದಿರಲಿಲ್ಲ. ಊರಿನ ನಲ್ಲಿ ನೀರನ್ನು ಹುಲ್ಲಿಗೆ ಹಾಕಿದರೆ ದಂಡ ಎಂದು ಊರಾಡಳಿತದ ಶೈರ್ ಕಚೇರಿಯವರು ಆಜ್ಞೆ ಹೊರಡಿಸಿದರು. ಕ್ಲಬ್ಬಿನ ಹುಲ್ಲು ಹಸಿರಿನಿಂದ ಹಳದಿಗೆ, ಹಳದಿಯಿಂದ ಬಿಸ್ಕತ್ತಿನ ಬಣ್ಣಕ್ಕೆ ಬಂತು. ಕ್ಲಾರಿ ಮನೆಯ ಸ್ನಾನದ ನೀರನ್ನು ಬಕೆಟ್ಟಿನಲ್ಲಿ ಹೊತ್ತು ತಂದು, ಮಗುವಿಗೆ ಔಷಧಿ ಕುಡಿಸುವವನಂತೆ ಮೂಲೆಮೂಲೆಗೆ ಚಿಮುಕಿಸತೊಡಗಿದ.

"ನಾನು ಟಬ್ಬಿನಿಂದ ಏಳೋದನ್ನೇ ಕಾಯ್ತಾ ಬಾಗಿಲಾಚೆ ಬಕೆಟ್ ಹಿಡ್ಕೊಂಡು ನಿಂತಿರ್ತಾರೆ" ಎಂದಳು ಎನಿಡ್. "ಮದುವೆಯಾದ ಹೊಸದ್ರಲ್ಲೂ ಇಷ್ಟು ಆತುರ ಇರ್ಲಿಲ್ಲ ಈ ಮನುಷ್ಯನಿಗೆ."

ವಸಂತದಲ್ಲಿ ಆಟದ ಋತು ಶುರುವಾಗುವ ಹೊತ್ತಿಗೆ ಹುಲ್ಲು ಆಡುವ ಸ್ಥಿತಿಯಲ್ಲಿಲ್ಲದಿದ್ದರೆ ಬಿಂಡಾರು ಕ್ಲಬ್ಬನ್ನು ಪಕ್ಕದೂರಿನ ಗ್ರೇಟನ್ ಕ್ಲಬ್ಬಿಗೆ ಸೇರಿಸುತ್ತೇವೆ ಎಂದು ಜಿಲ್ಲೆಯ ಸಂಘದವರು ತಿಳಿಸಿದರು. ಗ್ರೇಟನ್! ಮಾಂಸದ ಪೈಗೆ ಸಾಸನ್ನು ಮೇಲೆ ಹಾಕದೆ ಪಕ್ಕದಲ್ಲಿ ಹಾಕಿಕೊಂಡು ತಿನ್ನುವ ಜನ. ಅವರ ಅಂಗಿ ತೊಟ್ಟು ಆಡುವುದಕ್ಕಿಂತ ವಾಲಿಯ ಪಕ್ಕ ಮಲಗುವುದೇ ಮೇಲು ಎಂದು ನಾವೆಲ್ಲ ಘೋಷಿಸಿದೆವು. ಕ್ಲಾರಿ ಏನೂ ಘೋಷಿಸಲಿಲ್ಲ. "ಹಾಗಾದ್ರೆ ಈ ಹುಲ್ಲು?" ಎಂದಷ್ಟೇ ಕೇಳಿದ. ಉಳುಮೆ ಮಾಡಿ ಕಾರು ನಿಲ್ಲಿಸುವ ಜಾಗ ಮಾಡುತ್ತಾರೆ ಎಂದೆ. ಅವನು ಅಂದು ಚಹಾ ಕುಡಿಯಲಿಲ್ಲ.

ಉಳಿದ ದಾರಿ ಒಂದೇ, ಕ್ಲಬ್ಬಿನ ಅಂಗಳದಲ್ಲೇ ಬೋರ್. ಶುಕ್ರವಾರ ಶುಕ್ರವಾರ ಗೆದ್ದವರಿಗೆ ಒಂದು ತಟ್ಟೆ ಮಾಂಸ ಕೊಡುವ ಲಾಟರಿ ನಡೆಸಿ ಹಣ ಕೂಡಿಸಿದೆವು. ಲಾಟರಿಯ ಅಧಿದೇವತೆ ಡಾಟ್ ಕ್ವಿಲ್ಟಿ. ವಿಧವೆ, ನಾಲಿಗೆ ಕುರಿಯ ಉಣ್ಣೆ ಕತ್ತರಿಸುವ ಕತ್ತರಿ. ಅವಳು ಚೀಟಿ ಹರಿದಳೆಂದರೆ ಸಸ್ಯಾಹಾರಿಯೂ ಮಾಂಸ ಗೆಲ್ಲಲೇಬೇಕು. ಆದರೂ ಒಟ್ಟಾದ ಹಣ ಬೋರ್ ಲಾರಿಯ ಒಂದು ದಿನಕ್ಕೆ ಮಾತ್ರ ಸಾಕಾಗುವಂತಿತ್ತು.

ಬೋರ್ ಕೊರೆಸಲು ಸರ್ಕಾರದ ಅನುಮತಿ ಬೇಕಲ್ಲ, ಅದಕ್ಕಾಗಿ ನಗರದಿಂದ ಹೆಲೆನ್ ಕರಾಸ್ ಬಂದಳು. ಅಂತರ್ಜಲದ ವಿಜ್ಞಾನಿ. ಧೂಳಿನ ಬೂಟು, ಸುಟ್ಟ ಮೂಗು, ಒಂದು ದೊಡ್ಡ ಪೆಟ್ಟಿಗೆ ತುಂಬ ತಂತಿ ಮತ್ತು ಮುಳ್ಳು ತಿರುಗುವ ಯಂತ್ರ. ಅವಳ ತಂತಿಗಳನ್ನು ನೋಡಿದ ಡಾಟ್, "ಇವಳದ್ದು ಜಾಸ್ತಿ ಇದೆ, ಅಭ್ಯಾಸ ಕಮ್ಮಿ ಅಂತ ಕಾಣುತ್ತೆ" ಎಂದಳು.

ಹೆಲೆನ್ ಇಡೀ ದಿನ ಅಂಗಳ ಅಳೆದು ಸಂಜೆ ನಮ್ಮನ್ನು ಕೂರಿಸಿ ಹೇಳಿದಳು: "ಇಲ್ಲಿ ಬಹುತೇಕ ಕಡೆ ಕೆಳಗೆ ಬರೀ ಜೇಡಿಮಣ್ಣು. ಆದ್ರೆ ಹಳೇ ಕಾಲದಲ್ಲಿ ಒಂದು ತೊರೆ ಹರೀತಿತ್ತು, ಅದರ ಮರಳು ಹೂತುಹೋಗಿದೆ. ಆ ಮರಳಲ್ಲಿ ಸಿಹಿನೀರಿದೆ. ಅದು ನಿಮ್ಮ ಅಂಗಳದ ಹಿಂದಿನ ಅಂಚಿನಲ್ಲಿ ಹೋಗುತ್ತೆ, ಅಷ್ಟೇ." ಹೋಗಿ ಹುಲ್ಲುಹಾಸಿನ ಆ ತುದಿಯಲ್ಲಿ, ಶೌಚಾಲಯದ ಮುಂದಿನ ಕಿರಿದಾದ ಮಣ್ಣಿನ ಪಟ್ಟಿಯಲ್ಲಿ ಒಂದು ಗೂಟ ನೆಟ್ಟು ಕೆಂಪು ಪಟ್ಟಿ ಕಟ್ಟಿದಳು.

ನಾವು ಪರಸ್ಪರ ನೋಡಿಕೊಂಡೆವು. ಒಂದು ಕಡೆ ಕ್ಲಬ್ಬಿನ ಕಟ್ಟಡ, ಇನ್ನೊಂದು ಕಡೆ ಸಭಾಭವನದ ಇಟ್ಟಿಗೆ ಗೋಡೆ, ಹಿಂದೆ ಟೆನಿಸ್ ಅಂಗಳದ ಎತ್ತರದ ಬೇಲಿ.

"ಅಲ್ಲಿಗೆ ಲಾರಿ ಹೇಗೆ ಬರುತ್ತೆ?" ಎಂದು ಕ್ಲಾರಿ ಕೇಳಿದ.

"ಹುಲ್ಲಿನ ಮೇಲೆ ಹಾದು ಬರ್ಬೇಕಾಗುತ್ತೆ" ಎಂದಳು ಹೆಲೆನ್.

ಕ್ಲಾರಿ ಅಂದು ಜೀವಮಾನದಲ್ಲಿ ಮೊದಲ ಬಾರಿ ತಲೆ ಎತ್ತಿದ. ಅರೆಕ್ಷಣ ಮಾತ್ರ. ಮತ್ತೆ ತಗ್ಗಿಸಿ ಮನೆಗೆ ಹೋಗಿ ತಂತಿಗಳನ್ನು ತಂದ. ಅಂಗಳದಲ್ಲಿ ಒಂದು ಸುತ್ತು ಹಾಕಿದ. ಮುಂದಿನ ಗೇಟಿನ ಒಳಗೆ, ಕಾರು ನಿಲ್ಲಿಸುವ ಜಲ್ಲಿಯ ಮೇಲೆ, ಕಸದ ತೊಟ್ಟಿಯ ಪಕ್ಕ, ತಂತಿಗಳು ಪ್ರೇಮಿಗಳಂತೆ ಒಂದರ ಮೇಲೊಂದು ಬಿದ್ದವು. ಕ್ಲಾರಿ ಹಿಮ್ಮಡಿಯಿಂದ ಗುರುತು ಹಾಕಿದ. ಜನ ಚಪ್ಪಾಳೆ ತಟ್ಟಿದರು.

ನಮ್ಮ ಅಧ್ಯಕ್ಷ ನೆವಿಲ್ ಹಾರ್ಕಸ್, "ಮುಗೀತಲ್ಲ! ಇನ್ನೇನು?" ಎಂದು ಪ್ಯಾಂಟು ಮೇಲೆಳೆದುಕೊಂಡ. ನೆವಿಲ್ ದೊಡ್ಡ ಕುರಿ ಸಾಕಣೆದಾರ. ಕ್ಲಾರಿಯ ಮೇಲೆ ಅವನಿಗಿದ್ದ ಭಕ್ತಿ ಊರಿನಲ್ಲೇ ಎಲ್ಲರಿಗಿಂತ ಹೆಚ್ಚು. ಕ್ಲಾರಿ ತೋರಿಸಿದ ಪಾಯಿಂಟುಗಳಲ್ಲಿ ಅವನು ತನ್ನ ಜಮೀನಿನಲ್ಲಿ ಮೂರು ಬೋರ್ ಕೊರೆಸಿದ್ದ. ಮೂರೂ ಒಣಗಿದ್ದವು.

ಹೆಲೆನ್‌ಗೆ ಅಷ್ಟಕ್ಕೇ ಸುಮ್ಮನಿರಲಾಗಲಿಲ್ಲ. ಓದಿದವರ ದೊಡ್ಡ ಮೂಢನಂಬಿಕೆ ಎಂದರೆ ರುಜುವಾತು ತೋರಿಸಿದರೆ ಜನ ಒಪ್ಪುತ್ತಾರೆ ಎಂಬುದು. ಅವಳು ಒಂದು ಪರೀಕ್ಷೆ ಸೂಚಿಸಿದಳು. ಹುಲ್ಲುಹಾಸಿನ ಮೇಲೆ ಮುಚ್ಚಳವಿರುವ ಡ್ರಮ್ಮುಗಳ ಸಾಲು. ಕೆಲವಕ್ಕೆ ಮರಳು, ಕೆಲವಕ್ಕೆ ನೀರು. ಯಾವುದರಲ್ಲಿ ಏನೆಂದು ಎನಿಡ್‌ಗೆ ಮಾತ್ರ ಗೊತ್ತಿರಬೇಕು, ಅವಳು ಒಳಗೇ ಇರಬೇಕು. ಕ್ಲಾರಿ ತಂತಿ ಹಿಡಿದು ನೀರಿನ ಡ್ರಮ್ ಯಾವುದೆಂದು ಹೇಳಬೇಕು. ಎಲ್ಲರೂ ಉತ್ಸಾಹದಿಂದ ಒಪ್ಪಿದರು. ನೆವಿಲ್ ತೊಡೆ ತಟ್ಟಿ, "ಇದೇ ಸರಿ, ಇವತ್ತು ಸರ್ಕಾರಕ್ಕೂ ಬುದ್ಧಿ ಬರ್ಲಿ" ಎಂದ. ಡಾಟ್ ಸಾಸೇಜ್ ರೋಲ್ ಹಂಚಿದಳು. ಇಂಥ ಯುದ್ಧವನ್ನು ಖಾಲಿ ಹೊಟ್ಟೆಯಲ್ಲಿ ನೋಡಬಾರದು.

ಕ್ಲಾರಿ ರಣರಂಗಕ್ಕಿಳಿದ. ಎಂದಿನಂತೆ ತಲೆ ತಗ್ಗಿಸಿ ಮೊದಲ ಡ್ರಮ್ಮಿನ ಬಳಿ ಬಂದು ಅದರ ಬುಡವನ್ನೇ ನೋಡುತ್ತ ನಿಂತ.

"ಇದು ಎಷ್ಟು ಹೊತ್ತು ಇಲ್ಲೇ ಇರುತ್ತೆ?" ಎಂದು ಕೇಳಿದ.

"ಪರೀಕ್ಷೆ ಮುಗಿಯೋವರೆಗೆ" ಎಂದಳು ಹೆಲೆನ್.

"ಭಾರ ಜಾಸ್ತಿ ಆಯ್ತು" ಎಂದು ಕ್ಲಾರಿ ಗೊಣಗಿದ. ಆಮೇಲೆ ಅವನು ಸಾಲಿನ ಉದ್ದಕ್ಕೂ ರೈಲು ತಪ್ಪೀತೆಂಬ ಆತುರದಲ್ಲಿ ನಡೆದ. ತಂತಿಗಳನ್ನು ನೋಡಿದನೋ ಇಲ್ಲವೋ, "ನೀರು, ಮರಳು, ಮರಳು, ನೀರು, ನೀರು, ಆಯ್ತಾ? ತೆಗೀಬಹುದಾ?" ಎಂದ.

ಎನಿಡ್ ಹೊರಗೆ ಬಂದು ಮುಚ್ಚಳ ತೆಗೆಯುತ್ತ ಹೋದಳು. ನೀರೆಂದ ಕಡೆ ಮರಳು. ಮರಳೆಂದ ಕಡೆ ನೀರು. ಒಂದೇ ಒಂದು ಸರಿಯಾಗಿತ್ತು. ಕಣ್ಣು ಕಟ್ಟಿದ ಕುರಿಯನ್ನು ಬಿಟ್ಟಿದ್ದರೂ ಇದಕ್ಕಿಂತ ಹೆಚ್ಚು ತೋರಿಸುತ್ತಿತ್ತು.

ಹೆಲೆನ್ ಮುಖದಲ್ಲಿ ಸಣ್ಣ ನಗು ಮೂಡುವುದರಲ್ಲಿತ್ತು. ಡಾಟ್ ತುಟಿಯ ಮೇಲಿನ ಪುಡಿ ಒರೆಸಿಕೊಂಡು, "ಆ ಒಂದನ್ನ ಹೇಗೆ ಹೇಳಿದ ನೋಡಿದ್ರಾ!" ಎಂದಳು.

ಅಲ್ಲಿಗೆ ಕಟ್ಟೆ ಒಡೆಯಿತು. ಡ್ರಮ್ಮಿನ ನೀರು ಸತ್ತ ನೀರು, ಕ್ಲಾರಿಗೆ ಸಿಕ್ಕುವುದು ಹರಿಯುವ ನೀರು ಎಂದ ಒಬ್ಬ. ನಲ್ಲಿ ನೀರಿಗೆ ಔಷಧಿ ಹಾಕಿರುತ್ತಾರೆ, ತಂತಿಗೆ ಅದರ ವಾಸನೆ ಆಗದು ಎಂದ ಇನ್ನೊಬ್ಬ. ನಂಬಿಕೆ ಇಲ್ಲದವರು ಪಕ್ಕದಲ್ಲಿ ನಿಂತರೆ ತಂತಿ ಮುನಿಸಿಕೊಳ್ಳುತ್ತದೆ ಎಂದ ನೆವಿಲ್.

"ಅಲ್ಲಾ, ಪರೀಕ್ಷೆಗೆ ಮೊದಲು ನೀವೆಲ್ಲ ಒಪ್ಕೊಂಡ್ರಲ್ಲ!" ಎಂದಳು ಹೆಲೆನ್.

"ನಾವು ಒಪ್ಕೊಂಡಿದ್ದು ಪರೀಕ್ಷೆಗೆ ಚಿನ್ನಾ" ಎಂದು ಡಾಟ್ ಅವಳ ಕೆನ್ನೆ ತಟ್ಟಿದಳು, "ಫಲಿತಾಂಶಕ್ಕಲ್ಲ."

ಅಷ್ಟರಲ್ಲಿ ಕ್ಲಾರಿ ಡ್ರಮ್ಮುಗಳನ್ನು ಒಂದೊಂದಾಗಿ ಹೊರಗೆ ಉರುಳಿಸಿ, ಅವು ಬಿಟ್ಟುಹೋದ ಬಳೆಯಂಥ ಗುರುತುಗಳ ಮೇಲೆ ಮಂಡಿಯೂರಿ ಹುಲ್ಲನ್ನು ಬೆರಳಿನಿಂದ ಎತ್ತಿ ನಿಲ್ಲಿಸುತ್ತಿದ್ದ.

"ನೋಡಿ, ನೋಡಿ" ಎಂದು ನೆವಿಲ್ ಪಿಸುಗುಟ್ಟಿದ. "ಭೂಮಿತಾಯಿ ಹತ್ರ ಕ್ಷಮೆ ಕೇಳ್ತಿದಾನೆ."

ಆಮೇಲೆ ಸಭೆ ಸೇರಿತು. ಎಲ್ಲಿ ಕೊರೆಯಬೇಕು ಎಂದು ಕೈ ಎತ್ತಿಸಿದೆ. ಕೆಂಪು ಗೂಟಕ್ಕೆ ಎನಿಡ್‌ಳ ಒಂದು ಕೈ. ಕಸದ ತೊಟ್ಟಿಗೆ ಉಳಿದ ಕೈಗಳೆಲ್ಲ. ಕೆಲವರು ಎರಡೂ ಎತ್ತಿದ್ದರು. ಕ್ಲಾರಿ ಸಭೆಯಲ್ಲಿರಲಿಲ್ಲ, ಹೊರಗೆ ಹುಲ್ಲು ಎತ್ತುತ್ತಿದ್ದ.

ಸಭೆ ಮುಗಿದ ಮೇಲೆ ಹೆಲೆನ್ ನೆವಿಲ್‌ನನ್ನು ಕಾರಿನ ಬಳಿ ತಡೆದಳು. ನಾನು ಖುರ್ಚಿ ಮಡಚುತ್ತಿದ್ದೆ.

"ನೆವಿಲ್, ನಿಜ ಹೇಳಿ. ನಿಮ್ಮ ಜಮೀನಲ್ಲೇ ಮೂರು ಸಲ ನೀರು ಸಿಗ್ಲಿಲ್ಲ. ಆದ್ರೂ ನೀವು ಹೇಗೆ ನಂಬ್ತೀರಿ?"

ನೆವಿಲ್ ಸುತ್ತ ನೋಡಿ ದನಿ ತಗ್ಗಿಸಿದ. "ನೋಡಮ್ಮಾ, ಮೊದಲನೇದು ಒಣಗಿದಾಗ ನಂಗೂ ಅನುಮಾನ ಬಂತು. ಅನುಮಾನ ಪಟ್ಟಿದ್ದಕ್ಕೇ ನೀರು ಬರ್ಲಿಲ್ಲವೇನೋ ಅಂತ ಎರಡನೇದು ಕೊರೆಸ್ದೆ. ಅದೂ ಒಣಗ್ತು. ಎರಡಾದ್ಮೇಲೆ ಬಿಡಕ್ಕಾಗುತ್ತಾ? ಮೂರನೇದೂ ಕೊರೆಸ್ದೆ. ಈಗ ಉಳಿದಿರೋದು ಎರಡೇ ದಾರಿ. ಒಂದೋ ಕ್ಲಾರಿ ಮಹಾಪುರುಷ. ಇಲ್ಲಾ ನಾನು ಮೂರು ಸಲ ಮುಠ್ಠಾಳ. ನೀನೇ ಹೇಳು, ಕ್ಲಬ್ಬಿನ ಅಧ್ಯಕ್ಷನಿಗೆ ಯಾವುದು ಒಪ್ಪುತ್ತೆ?"

ಹೆಲೆನ್‌ಳ ಯಂತ್ರಗಳಲ್ಲಿ ಇದನ್ನು ಅಳೆಯುವ ಮುಳ್ಳು ಇರಲಿಲ್ಲ.

ಗೊತ್ತು ಮಾಡಿದ ದಿನ ಬೋರ್ ಲಾರಿ ಮುಂಜಾನೆಯೇ ಬಂತು. ಅದರ ಒಡೆಯ ಸ್ಟಾನ್, ಬಾಯಲ್ಲಿ ಸಿಗರೇಟು, ಮುಖದಲ್ಲಿ ಯಾವ ನಂಬಿಕೆಯ ಕುರುಹೂ ಇಲ್ಲ. "ಎಲ್ಲಿ ಹೇಳ್ತೀರೋ ಅಲ್ಲಿ ತೂತು ಹಾಕ್ತೀನಿ. ತೂತು ನಂದು, ಅದರೊಳಗಿರೋದು ನಿಮ್ದು" ಎಂದ. ಡಾಟ್ ಮೊದಲು ಅವನ ಕೈಗಡಿಯಾರ ಬಿಚ್ಚಿಸಿದಳು. ಊರೆಲ್ಲ ಮಡಚು ಖುರ್ಚಿ ಹಾಕಿಕೊಂಡು ಕಸದ ತೊಟ್ಟಿಯ ಸುತ್ತ ಕುಳಿತಿತು. ಕೊರೆಯುವ ದಂಡ ನೆಲ ಹೊಕ್ಕಿತು. ಬೂದು ಧೂಳು ಎದ್ದು ಎನಿಡ್‌ಳ ಸ್ಕೋನುಗಳ ಮೇಲೆ ಕೂತಿತು. ಆಮೇಲೆ ಕೆಂಪು ಧೂಳು. ಆಮೇಲೆ ಮತ್ತೆ ಬೂದು. ಧೂಳಿನ ಬಣ್ಣ ಬದಲಾದಾಗಲೆಲ್ಲ ನೆವಿಲ್, "ಬಂತು, ಹತ್ರ ಬಂತು" ಎನ್ನುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಯಂತ್ರ ಹಲ್ಲು ಕಡಿಯತೊಡಗಿತು.

ಸ್ಟಾನ್ ನಿಲ್ಲಿಸಿದ. "ಕಲ್ಲು ಬಂತು ಮಾರಾಯ್ರೆ. ಇನ್ನೂ ಕೆಳಗೆ ಹೋದ್ರೆ ಆ ಕಡೆ ಇಂಗ್ಲೆಂಡಲ್ಲಿ ಯಾರದಾದ್ರೂ ಅಡುಗೆಮನೇಲಿ ಏಳ್ಬೇಕು, ಅಷ್ಟೇ. ಹನಿ ನೀರಿಲ್ಲ."

ಯಾರೂ ಅಳಲಿಲ್ಲ. ಅಳುವ ಮೊದಲು ಕಾರಣ ಹುಡುಕಬೇಕಲ್ಲ. ಸ್ಟಾನ್‌ನ ಬಾಯಲ್ಲಿ ಎರಡು ಲೋಹದ ಹಲ್ಲುಗಳಿರುವುದನ್ನು ಡಾಟ್ ಪತ್ತೆಹಚ್ಚಿದಳು. "ಗಡಿಯಾರ ಬಿಚ್ಚಿಸ್ದೆ, ಹಲ್ಲು ಬಿಚ್ಚಿಸೋಕೆ ಮರೆತೆ" ಎಂದು ತನ್ನನ್ನೇ ಶಪಿಸಿಕೊಂಡಳು. ಜನ ಸಮಾಧಾನದ ಉಸಿರು ಬಿಟ್ಟರು.

ಆದರೆ ಹುಲ್ಲಿಗೆ ಕಾರಣಗಳಿಂದ ಹಸಿರು ಬರುವುದಿಲ್ಲ. ಅದು ಅಲ್ಲೇ, ಬಿಸ್ಕತ್ತಿನ ಬಣ್ಣದಲ್ಲಿ, ಬಿಸಿಲಿಗೆ ಬಿದ್ದಿತ್ತು. ಕ್ಲಾರಿ ಅದರ ಅಂಚಿನಲ್ಲಿ ಒಬ್ಬನೇ ನಿಂತಿದ್ದ.

"ಅರ್ಧ ದಿನ ಇನ್ನೂ ಬಾಕಿ ಇದೆ" ಎಂದ ಸ್ಟಾನ್. "ಇನ್ನೊಂದು ತೂತು ಹಾಕ್ಬಹುದು. ಆ ಕೆಂಪು ಗೂಟ ಏನದು?"

ಎಲ್ಲರೂ ಕ್ಲಾರಿಯ ಕಡೆ ತಿರುಗಿದರು. ಗೂಟಕ್ಕೂ ಲಾರಿಗೂ ನಡುವೆ ಅವನ ಇಡೀ ಹುಲ್ಲುಹಾಸು. ಆ ಲಾರಿ ದಾಟಿದರೆ ಹುಲ್ಲಿನ ಎದೆ ಸೀಳುತ್ತದೆ. ದಾಟದಿದ್ದರೆ ಹುಲ್ಲು ಹೇಗೂ ಸಾಯುತ್ತದೆ. ಎನಿಡ್ ಅಡುಗೆಮನೆಯಿಂದ ಬಂದು ಅವನ ಪಕ್ಕ ನಿಂತಳು. ಈ ಸಲ ಅವಳು ಗೇಲಿ ಮಾಡಲಿಲ್ಲ. "ನಮ್ಮ ಸ್ನಾನದ ನೀರು ಸಾಲಲ್ಲ ಕಣ್ರೀ" ಎಂದಳು, ಅಷ್ಟೇ.

ಕ್ಲಾರಿ ಬಹಳ ಹೊತ್ತು ನೆಲ ನೋಡಿದ.

"ಟೇಬಲ್ ತನ್ನಿ" ಎಂದ ಕೊನೆಗೆ. "ಸಭಾಭವನದ್ದು ಎಲ್ಲಾ. ಬಾಗಿಲು ಕಳಚಿ ತನ್ನಿ. ನೆವಿಲ್, ನಿನ್ನ ಕುರಿ ದೊಡ್ಡಿ ಹಲಗೆ ಬೇಕು."

ಮುಂದಿನ ದೃಶ್ಯವನ್ನು ಹಾಡಲು ನನಗೆ ಸಾವಿರ ನಾಲಿಗೆ ಬೇಕಿತ್ತು. ಬಿಳಿ ಬಟ್ಟೆಯ ಮುದುಕ ಮುದುಕಿಯರು ಊಟದ ಮೇಜುಗಳನ್ನು ಹೊತ್ತು ತಂದು ಹುಲ್ಲಿನ ಮೇಲೆ ಹಾಸಿದರು. ಗಂಡಸರ ಶೌಚಾಲಯದ ಬಾಗಿಲೂ ಬಂತು. ಒಳಗಿದ್ದವನು ಕೂಗಿದರೂ ಕೇಳಲಿಲ್ಲ. ಲಂಕೆಗೆ ಸೇತುವೆ ಕಟ್ಟಿದವರಿಗೆ ಬಾಲವಿತ್ತು, ನಮ್ಮವರಿಗೆ ಮಂಡಿನೋವಿತ್ತು, ಅಷ್ಟೇ ವ್ಯತ್ಯಾಸ. ಆ ಸೇತುವೆಯ ಮೇಲೆ ಸ್ಟಾನ್‌ನ ಲಾರಿ ಗರ್ಭಿಣಿಯಂತೆ ಹೆಜ್ಜೆಯಿಟ್ಟಿತು. ಅದರ ಮುಂದೆ, ಲಾರಿಗೆ ಬೆನ್ನು ಕೊಟ್ಟು, ತಲೆ ತಗ್ಗಿಸಿ, ಒಂದೊಂದೇ ಅಡಿ ಇಡುತ್ತ ಕ್ಲಾರಿ ನಡೆದ. ಕೈಯಲ್ಲಿ ತಂತಿಯಿರಲಿಲ್ಲ. ಮೇಜುಗಳು ಕರಕರ ಎಂದವು. ಒಂದೆರಡು ಮುರಿದವು; ಮುರಿದಾಗ ಕ್ಲಾರಿ ತನ್ನ ಪಕ್ಕೆಲುಬೇ ಮುರಿದವನಂತೆ "ಹ್ಞೂಂ" ಎಂದ. ಭಗೀರಥನ ಹಿಂದೆ ಗಂಗೆ ಬಂದಂತೆ ಅವನ ಹಿಂದೆ ಲಾರಿ ಬಂತು. ಶೌಚಾಲಯದ ಮುಂದಿನ ಮಣ್ಣಿಗೆ ಬಂದೊಡನೆ ಅವನು ನಿಂತ. ಲಾರಿಯೂ ನಿಂತಿತು. ಅದರ ಮುಂದಿನ ಚಕ್ರ ಹೆಲೆನ್‌ಳ ಗೂಟವನ್ನು ಮುರಿದು ನೆಲದೊಳಗೆ ತುಳಿದುಹಾಕಿತು.

ಸಂಜೆಯ ಬಿಸಿಲು ಇಳಿಯುವಾಗ ಮೊದಲು ತೇವದ ಮರಳು ಬಂತು, ಆಮೇಲೆ ಕೆಸರು, ಆಮೇಲೆ ನೀರು. ಹೆಲೆನ್ ಬೊಗಸೆಯಲ್ಲಿ ಹಿಡಿದು ರುಚಿ ನೋಡಿದಳು. ಎನಿಡ್ ರುಚಿ ನೋಡಿ, "ಟೀ ಮಾಡ್ಬಹುದು" ಎಂದಳು. ಇದಕ್ಕಿಂತ ದೊಡ್ಡ ಪ್ರಮಾಣಪತ್ರ ನಮ್ಮ ಊರಿನಲ್ಲಿ ಇಲ್ಲ. ಕ್ಲಾರಿ ಮಾತ್ರ ನೀರಿನತ್ತ ನೋಡದೆ, ಕೆಳಗೆ ಹುಲ್ಲು ಉಸಿರಾಡುತ್ತಿದೆಯೇ ಎಂದು ಒಂದು ಬಾಗಿಲನ್ನೆತ್ತಿ ಇಣುಕುತ್ತಿದ್ದ.

ಹೆಲೆನ್ ಒದ್ದೆ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು ನಮ್ಮ ಕಡೆ ತಿರುಗಿದಳು. ಈಗಲಾದರೂ ಇವರು ಒಂದು ಮಾತು ಹೇಳುತ್ತಾರೆ ಎಂಬ ಆಸೆ ಆ ಸುಟ್ಟ ಮೂಗಿನ ಮೇಲೆ ಸ್ಪಷ್ಟವಾಗಿತ್ತು. ನಾವು ಹೇಳಿದೆವು.

"ತಂತಿನೂ ಇಲ್ದೆ!" ಎಂದಳು ಡಾಟ್, ಕಣ್ಣಲ್ಲಿ ನೀರು ತುಂಬಿಕೊಂಡು. "ಬರೀ ಪಾದದಲ್ಲೇ ಕಂಡುಹಿಡಿದ! ಲಾರಿನ ಹಿಂದೆ ಹಾಕ್ಕೊಂಡು ನೇರ ನೀರಿನ ಮೇಲೆ ತಂದು ನಿಲ್ಲಿಸ್ದ!"

"ಅಲ್ಲಿ ನನ್ನ ಗೂಟ ಇತ್ತು!" ಎಂದಳು ಹೆಲೆನ್.

"ಯಾವ ಗೂಟ?" ಎಂದು ನೆವಿಲ್ ಲಾರಿಯ ಚಕ್ರದ ಕೆಳಗೆ ಬಗ್ಗಿ ನೋಡಿದ. ಗೂಟ ಕಾಣಲಿಲ್ಲ. ಕಾಣದ್ದು ಇರಲಿಲ್ಲ. "ಮತ್ತೆ ಬೆಳಿಗ್ಗೆ ಆ ಮೊದಲನೇ ತೂತು ಯಾಕೆ ಹಾಕ್ಸಿದ ಅಂತ ಈಗ ಅರ್ಥ ಆಯ್ತು ನಂಗೆ. ಅಲ್ಲಿ ಒತ್ತಿದ್ದಕ್ಕೇ ನೀರು ಇಲ್ಲಿಗೆ ಸರೀತು. ಹಲ್ಲುಜ್ಜೋ ಪೇಸ್ಟು ಒತ್ತಿದ ಹಾಗೆ! ನಾನು ಮೂರು ಒತ್ತಿದೀನಿ ನಮ್ಮ ಜಮೀನಲ್ಲಿ. ನಾಲ್ಕನೇದ್ರಲ್ಲಿ ಬರ್ಲೇಬೇಕು!"

ಹೆಲೆನ್ ನನ್ನತ್ತ ನೋಡಿದಳು. ನಾನು ಕಾರ್ಯದರ್ಶಿ, ಎಲ್ಲರ ಮಾತೂ ಸರಿಯೆಂದು ತಲೆಯಾಡಿಸುವುದು ನನ್ನ ಕೆಲಸ.

ವಸಂತ ಬಂತು. ಹುಲ್ಲು ಹಸಿರಾಯಿತು. ಲಾರಿ ದಾಟಿದ ಕಡೆ ಎರಡು ಮಸುಕು ಗೆರೆ ಉಳಿದವು. ನಮ್ಮ ಚೆಂಡುಗಳು ಅದರ ಮೇಲೆ ತುಸು ಓಲುತ್ತಿದ್ದವು. ನಮಗೆ ಅಭ್ಯಾಸವಾಗಿತ್ತು, ಗ್ರೇಟನ್‌ನವರಿಗೆ ಆಗಿರಲಿಲ್ಲ. ಮೊದಲ ಪಂದ್ಯದಲ್ಲೇ ಅವರನ್ನು ಮಣ್ಣು ಮುಕ್ಕಿಸಿದೆವು. ಅದೂ ಕ್ಲಾರಿಯ ದೂರದೃಷ್ಟಿ ಎಂದಾಯಿತು.

ಅದೇ ದಿನ ಬೋರಿನ ಪಕ್ಕ ಹಿತ್ತಾಳೆಯ ಫಲಕದ ಅನಾವರಣ. 'ಕ್ಲಾರಿ ಮಡ್ಜ್ ತನ್ನ ಪಾದಗಳಿಂದ ಕಂಡ ನೀರು' ಎಂದು ದೊಡ್ಡ ಅಕ್ಷರ. ಕೆಳಗೆ ಇರುವೆಯಷ್ಟು ಸಣ್ಣದಾಗಿ 'ಸರ್ಕಾರದ ಅನುಮತಿಯೊಂದಿಗೆ'. ಅದು ಹೆಲೆನ್‌ಳ ಪಾಲು. ಅವಳನ್ನೂ ಕರೆದಿದ್ದೆವು. ಬಂದಳು, ನಮ್ಮ ಲ್ಯಾಮಿಂಗ್ಟನ್ ಕೇಕ್ ತಿಂದಳು, ಫಲಕ ಓದಿದಳು, ಇನ್ನೊಂದು ಲ್ಯಾಮಿಂಗ್ಟನ್ ತಿಂದಳು.

ನೆವಿಲ್ ಭಾಷಣ ಮಾಡಿದ. ಈ ಮಹಾನುಭಾವನ ತಲೆ ಜೀವನವಿಡೀ ಬಾಗಿದ್ದು ಭೂಮಿಯ ಗುಟ್ಟು ಕೇಳಲು ಎಂದ. ವಿಜ್ಞಾನ ತಡವರಿಸಿದ ಕಡೆ ಇವನ ಅಂಗಾಲು ಮಾತಾಡಿತು ಎಂದ. ಅಂದು ಲಾರಿಯ ಮುಂದೆ ನಡೆಯುತ್ತಿದ್ದವನು ಆ ಒಂದೇ ಜಾಗದಲ್ಲಿ, ಒಂದು ಗೇಣು ಆಚೆಯೂ ಅಲ್ಲದೆ ಈಚೆಯೂ ಅಲ್ಲದೆ ನಿಂತನಲ್ಲ, ಆಗ ತನಗೆ ಮೈ ಜುಂ ಎಂದಿತು ಎಂದ. ಡಾಟ್ ಮೂಗು ಒರೆಸಿಕೊಂಡಳು. ಗ್ರೇಟನ್‌ನವರೂ ಟೋಪಿ ತೆಗೆದರು.

ಹೆಲೆನ್‌ಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಕ್ಲಾರಿ, ನೀವೇ ಹೇಳಿಬಿಡಿ. ಅವತ್ತು ಸರಿಯಾಗಿ ಅಲ್ಲೇ ಯಾಕೆ ನಿಂತ್ರಿ?" ಎಂದಳು.

ಇಡೀ ಅಂಗಳ ಕುತ್ತಿಗೆ ಚಾಚಿತು. ಯೂಕಲಿಪ್ಟಸ್ ಮರದ ಮೇಲಿನ ಕಾಕಟೂ ಗಿಳಿಗಳೂ ಕಿರುಚುವುದನ್ನು ನಿಲ್ಲಿಸಿದವು. ಕ್ಲಾರಿ ಫಲಕ ನೋಡಲಿಲ್ಲ, ನಮ್ಮನ್ನು ನೋಡಲಿಲ್ಲ. ನೆಲ ನೋಡಿದ. ಬಗ್ಗಿ, ಹುಲ್ಲಿನ ಅಂಚಿನಲ್ಲಿ ತಲೆ ಎತ್ತಿದ್ದ ಒಂದು ಕಳೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡ.

"ಹುಲ್ಲು ಅಲ್ಲಿಗೆ ಮುಗೀತಲ್ಲ" ಎಂದ.